ಕರಾರು ಪತ್ರ ಓದುವ ವಿದ್ಯೆ

ಜಹೀರಾಬಾದ, ನಾರಾಯಣಖೇಡ, ತಾಂಡೂರ ಕಡೆಯ ನಮ್ಮಂಥವರಿಗೆ ಮನೆಯಲ್ಲಿ ಕನ್ನಡ, ಬಜಾರದಲ್ಲಿ ತೆಲುಗು, ಹಳೆ ಕಾಗದದಲ್ಲಿ ಉರ್ದು. 1956ರ ನವೆಂಬರ್ 1ರ ತನಕ ಜಹೀರಾಬಾದ, ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರ ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯ ವಿಂಗಡಣೆ ಆದಾಗ ಬೀದರ, ಗುಲ್ಬರ್ಗಾ ಮೈಸೂರಿಗೆ ಹೋದವು, ನಾವು ಆಂಧ್ರಪ್ರದೇಶಕ್ಕೆ ಸೇರಿದೆವು. 2014ರಿಂದ ತೆಲಂಗಾಣದವರು. ಹೊಲ ಇದ್ದಲ್ಲೇ ಅದ, ಕಚೇರಿ ಮಾತ್ರ ಬದಲಿ ಆಗ್ಯಾದ.

ಈಗ ನಮ್ಮ ಕಡೆಯ ಕೆಲವು ಮಕ್ಕಳು ವ್ಯಾಪಾರ ಕಾನೂನಿನಲ್ಲಿ ಎಲ್‌ಎಲ್‌ಎಂ ಓದ್ತೀವಿ ಅಂತಾರ. ಮನೆಯ ಹಿರಿಯರು, "ವಕೀಲಿ ಪಾಸಾದ್ರ ಸಾಲದೇನಪಾ, ಮತ್ತ ಯಾಕ ಖರ್ಚು?" ಅಂತ ಕೇಳ್ತಾರ. ಇದಕ್ಕೆ ಉತ್ತರ ನಮ್ಮ ಭಾಗದ ಚರಿತ್ರೆಯಲ್ಲೇ ಸಿಗತದ.

ನಿಜಾಮರ ಕಾಲದಲ್ಲಿ ಕಾಯ್ದೆ ಇರಲಿಲ್ಲ ಅನ್ನೋದು ತಪ್ಪು. ಫಸಲಿ 1339ರಲ್ಲಿ, ಅಂದರೆ 1930ರ ಸುಮಾರಿಗೆ, ಕೃಷಿ ಮಾರುಕಟ್ಟೆ ಕಾಯ್ದೆ ಬಂತು. ಫಸಲಿ 1349ರಲ್ಲಿ ಬಡ್ಡಿ ವ್ಯವಹಾರದವರ ಮೇಲೆ ಕಾಯ್ದೆ ಬಂತು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನನ್ನೂ ಉರ್ದುವಿನಲ್ಲೇ ಕಲಿಸುತ್ತಿದ್ದರು. ಅದಕ್ಕಾಗಿ ಪುಸ್ತಕ ತರ್ಜುಮೆ ಮಾಡುವ ಒಂದು ಖಾತೆಯನ್ನೇ ಇಟ್ಟಿದ್ದರು. ದೇಶದ ಭಾಷೆಯಲ್ಲಿ ಇಂಥ ದೊಡ್ಡ ಓದು ಓದಬಹುದು ಅಂತ ತೋರಿಸಿದ್ದು ಸಣ್ಣ ಮಾತಲ್ಲ. ಆದರೆ ಕನ್ನಡದ ಒಕ್ಕಲಿಗನಿಗೆ ಆ ಉರ್ದುವೂ ದೂರವೇ. ಸಾವ್ಕಾರ ಬರೆಸಿದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬರುತ್ತಿದ್ದ. ಕಾಯ್ದೆ ಅವನ ಪರವಾಗಿದ್ದರೂ ಅದು ಅವನಿಗೆ ಗೊತ್ತಾಗುತ್ತಿರಲಿಲ್ಲ.

1948ರ ಪೊಲೀಸ್ ಕಾರ್ಯಾಚರಣೆ ಆದ ಮೇಲೆ, 1951ರಲ್ಲಿ, ದೇಶದ ಕಾಯ್ದೆಗಳು ಹೈದರಾಬಾದ ಸಂಸ್ಥಾನದ ಸೀಮೆಗೂ ಬಂದವು. 1872ರ ಕರಾರು ಕಾಯ್ದೆ, 1930ರ ಸರಕು ಮಾರಾಟ ಕಾಯ್ದೆ, 1932ರ ಪಾಲುದಾರಿಕೆ ಕಾಯ್ದೆ ಅವುಗಳಲ್ಲಿ ಮುಖ್ಯ. ವ್ಯಾಪಾರ ಕಾನೂನಿಗೆ ಇವೇ ಬುನಾದಿ. ಬೆದರಿಸಿ ಅಥವಾ ಮೋಸದಿಂದ ಒಪ್ಪಿಗೆ ಪಡೆದಿದ್ದರೆ, ಆ ಕರಾರನ್ನು ರದ್ದು ಮಾಡಿಸುವ ಹಕ್ಕು ಮೋಸ ಹೋದವನಿಗೆ ಅದ. ಆದರೆ ಕಾಗದ ಉರ್ದು ಬಿಟ್ಟು ಇಂಗ್ಲಿಷ್‌ಗೆ ಹೋಯಿತು. ಹೆಬ್ಬೆಟ್ಟಿನ ಬದಲು ಸಹಿ ಬಂತು, ಓದದೆ ಹಾಕುವುದು ಮಾತ್ರ ಹಾಗೇ ಉಳೀತು.

ಈಗಿನ ಸಂಗತಿ ನೋಡಿರಿ. 2022ರ ಡಿಸೆಂಬರ್‌ನಲ್ಲಿ ತಾಂಡೂರ ತೊಗರಿಗೆ ಭೌಗೋಳಿಕ ಗುರುತು ಸಿಕ್ಕಿತು. ಅರ್ಜಿ ಹಾಕಿದ್ದು ಯಾಲಾಲದ ರೈತ ಉತ್ಪಾದಕರ ಕಂಪನಿ. ಹತ್ತು ಮಂದಿ ರೈತರು ಕೂಡಿದರೂ ಇಂಥ ಕಂಪನಿ ಮಾಡಬಹುದು ಅಂತ ಕಂಪನಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ಆಗ್ಯಾದ. ಗುರುತು ಸಿಕ್ಕರಷ್ಟೇ ಸಾಲದು. ಬೆಳೆಯುವವರು ಅಧಿಕೃತ ಬಳಕೆದಾರರಾಗಿ ಹೆಸರು ನೋಂದಾಯಿಸಬೇಕು, ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕು. ಬೇರೆ ಕಡೆಯ ತೊಗರಿಯನ್ನು ನಮ್ಮ ಹೆಸರಿನಲ್ಲಿ ಮಾರಿದರೆ ತಡೆಯಲು ದಾವೆ ಹೂಡಬೇಕು. ಇದನ್ನೆಲ್ಲ ಯಾರು ಮಾಡತಾರ?

ಭೂಮಿಯದೂ ಇದೇ ಕಥೆ. ನ್ಯಾಲ್ಕಲ್, ಝರಾಸಂಗಂ ಮಂಡಲಗಳಲ್ಲಿ ಕೈಗಾರಿಕಾ ವಲಯಕ್ಕೆ 12 ಸಾವಿರ ಎಕರೆಗೂ ಹೆಚ್ಚು ನೆಲ ಬೇಕೆಂದು ಗೊತ್ತು ಮಾಡಿದರು. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಜಮೀನು ಇಲ್ಲದ ಕೂಲಿಕಾರರಿಗೂ ಪುನರ್ವಸತಿ ಅದ. 2015ರಲ್ಲಿ ರಾಜ್ಯ ಸರ್ಕಾರ 123ನೇ ಆದೇಶ ತಂದು, ರೈತರಿಂದ ನೆಲವನ್ನು ನೇರವಾಗಿ ಕೊಳ್ಳುವ ದಾರಿ ಮಾಡಿತು. ಕೂಲಿಕಾರರು ಹೈಕೋರ್ಟಿಗೆ ಹೋದರು. 2016ರ ಆಗಸ್ಟ್‌ನಲ್ಲಿ ಒಬ್ಬ ನ್ಯಾಯಮೂರ್ತಿ ಆ ಆದೇಶ ರದ್ದು ಮಾಡಿದರು, ಸರ್ಕಾರ ಮೇಲ್ಮನವಿಗೆ ಹೋಯಿತು. ಹೊಲ ಇಲ್ಲದವರೂ ಕಾಯ್ದೆ ಹಿಡಿದು ನಿಂತದ್ದನ್ನು ನಾವು ಮರೀಬಾರದು.

ಇನ್ನ ಓದಿನ ದಾರಿ. ಎಲ್‌ಎಲ್‌ಎಂ ಮಾಡಲು ಮೊದಲು ಎಲ್‌ಎಲ್‌ಬಿ ಆಗಿರಬೇಕು. ಡಿಗ್ರಿ ಆದವರಿಗೆ ಅದು ಮೂರು ವರ್ಷ, ಹನ್ನೆರಡನೇ ತರಗತಿ ಮುಗಿಸಿ ನೇರ ಸೇರಿದರೆ ಐದು ವರ್ಷ. ತೆಲಂಗಾಣದ ಕಾಲೇಜುಗಳಿಗೆ ಪಿಜಿಎಲ್‌ಸೆಟ್ ಪರೀಕ್ಷೆ ಬರೆಯಬೇಕು. 1998ರಲ್ಲಿ ಶುರುವಾದ ನಲ್ಸಾರ್ ಹೈದರಾಬಾದ ಹತ್ತಿರ ಶಾಮೀರಪೇಟದಲ್ಲಿ ಅದ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಬೇರೆ ಡಿಗ್ರಿ ಆದವರಿಗೂ ದೂರ ಶಿಕ್ಷಣದ ಮೂಲಕ ವ್ಯಾಪಾರ ಕಾನೂನಿನ ಮಾಸ್ಟರ್ ಡಿಗ್ರಿ ಕಲಿಸುತ್ತ ಬಂದದ. ಆದರೆ ಅದೊಂದರಿಂದ ವಕೀಲರಾಗಲು ಬರೋದಿಲ್ಲ, ಇದನ್ನು ಮೊದಲೇ ತಿಳಕೊಳ್ಳಬೇಕು.

ಹಿರಿಯರ ಅಂಜಿಕೆ ಸುಳ್ಳಲ್ಲ. ಓದಿದ ಹುಡುಗ ದೊಡ್ಡ ಕಂಪನಿಗೆ ಸೇರಿ, ನಮ್ಮ ಕಡೆಯ ರೈತರ ಮುಂದೆ ಇಡುವ ಕರಾರನ್ನೇ ಬರೆಯಬಹುದು. ಹಾಗಂತ ಓದಬ್ಯಾಡ ಅಂದರೆ ಬರೆಯುವವರು ಬೇರೆ ಯಾರೋ ಆಗತಾರ, ಅಷ್ಟೇ. ಕಳಿಸುವಾಗ ಒಂದು ಮಾತು ಪಡೆಯೋಣ: ರಜೆಗೆ ಊರಿಗೆ ಬಂದಾಗ ವಾಚನಾಲಯದಲ್ಲಿ ಒಂದು ಸಂಜೆ ಕೂತು, ಕಬ್ಬು, ಶುಂಠಿ, ತೊಗರಿಯ ಕರಾರು ಪತ್ರಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳಬೇಕು. ತಂಗೀ, ತಮ್ಮಾ, ಓದ್ರಿ. ಕಾಗದ ನಾವು ತರತೀವಿ.