ಬೆವರುಗ್ರಂಥಿ: ಓದಿದವರು, ಮರೆತವರು

ಹಬೆಕೋಣೆಯಲ್ಲಿ ಕೂತು ಬೆವರಿದರೆ ಮೈಯೊಳಗಿನ ವಿಷವೆಲ್ಲ ಹೊರಗೆ ಹೋಗುತ್ತದೆ ಎಂಬ ಮಾತನ್ನು ಈಗ ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಹೇಳುವವರನ್ನು ದೂರುವಂತಿಲ್ಲ. ಮೂತ್ರಪಿಂಡದ ಜೊತೆಗೆ ಚರ್ಮವನ್ನೂ ವಿಸರ್ಜನಾಂಗಗಳ ಪಟ್ಟಿಗೆ ಸೇರಿಸಿ ಮಕ್ಕಳಿಂದ ಬಾಯಿಪಾಠ ಮಾಡಿಸಿದವರು ನಾವೇ. ಬೆವರಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ನೀರು. ಉಳಿದದ್ದು ಉಪ್ಪು, ತುಸು ಲ್ಯಾಕ್ಟೇಟ್, ತುಸು ಯೂರಿಯಾ. ವಿಷ ಕಳೆಯುವ ಕೆಲಸ ಯಕೃತ್ತು, ಮೂತ್ರಪಿಂಡಗಳದು. ಬೆವರುಗ್ರಂಥಿ ಇರುವುದು ಮೈ ತಣಿಸಲು. ಇಷ್ಟನ್ನು ತಿಳಿಯಲು ಎಷ್ಟು ಜನ ಎಷ್ಟು ದುಡಿದರು ಎಂಬುದನ್ನು ಒಮ್ಮೆಯಾದರೂ ಬರೆದಿಡಬೇಕು.

ಸುಶ್ರುತ ಸಂಹಿತೆ ಚರ್ಮಕ್ಕೆ ಏಳು ಪದರಗಳನ್ನು ಎಣಿಸಿತು, ಚರಕ ಸಂಹಿತೆ ಆರನ್ನು. ಇಟಲಿಯ ಸಾಂಕ್ಟೋರಿಯಸ್ ತಕ್ಕಡಿಗೆ ತೂಗುಹಾಕಿದ ಕುರ್ಚಿಯಲ್ಲಿ ಕೂತು, ತಿಂದದ್ದನ್ನೂ ವಿಸರ್ಜಿಸಿದ್ದನ್ನೂ ತೂಗಿ, ಲೆಕ್ಕಕ್ಕೆ ಸಿಗದ ತೂಕ ಕಣ್ಣಿಗೆ ಕಾಣದೆ ಆವಿಯಾಗಿ ಹೋಗುತ್ತದೆಂದು 1614ರಲ್ಲಿ ಪ್ರಕಟಿಸಿದ. ಸೂಕ್ಷ್ಮದರ್ಶಕದಡಿ ಬೆವರುಗ್ರಂಥಿ ಸ್ಪಷ್ಟವಾಗಿ ಕಂಡದ್ದು 1833ರ ಸುಮಾರಿಗೆ, ಶರೀರವಿಜ್ಞಾನಿ ಪುರ್ಕಿನ್ಯೆಯ ಪ್ರಯೋಗಶಾಲೆಯಲ್ಲಿ. 1868ರಲ್ಲಿ ಬರ್ಲಿನ್‌ನ ವೈದ್ಯವಿದ್ಯಾರ್ಥಿ ಪೌಲ್ ಲಾಂಗರ್‌ಹಾನ್ಸ್ ಹೊರಚರ್ಮದಲ್ಲಿ ಕವಲೊಡೆದ ಕೋಶಗಳನ್ನು ಕಂಡು ನರಕೋಶಗಳೆಂದು ಭಾವಿಸಿದ. ಅವು ದೇಹದ ಕಾವಲುಕೋಶಗಳೆಂದು ತಿಳಿಯಲು ನೂರು ವರ್ಷ ಬೇಕಾಯಿತು.

ಎಕ್ರೈನ್, ಅಪೊಕ್ರೈನ್ ಎಂಬ ವಿಂಗಡಣೆಗೆ 1922ರಲ್ಲಿ ಗಟ್ಟಿ ರೂಪ ಕೊಟ್ಟವರು ಜರ್ಮನಿಯ ಶೀಫರ್‌ಡೆಕರ್. ಎಕ್ರೈನ್ ಗ್ರಂಥಿಗಳು ಇಪ್ಪತ್ತರಿಂದ ನಲವತ್ತು ಲಕ್ಷ, ಹೆಚ್ಚುಕಡಿಮೆ ಮೈತುಂಬ; ಅಂಗೈ ಅಂಗಾಲುಗಳಲ್ಲಿ ಒತ್ತೊತ್ತಾಗಿ. ಅಪೊಕ್ರೈನ್ ಗ್ರಂಥಿಗಳು ಕಂಕುಳು, ತೊಡೆಸಂದಿಗಳಲ್ಲಿ ಕೂದಲಿನ ಬುಡಕ್ಕೆ ತೆರೆದುಕೊಳ್ಳುತ್ತವೆ, ಹರೆಯಕ್ಕೆ ಬಂದಾಗ ಎಚ್ಚರಗೊಳ್ಳುತ್ತವೆ. ಕಂಕುಳಿನ ವಾಸನೆ ಆ ಸ್ರಾವದ್ದಲ್ಲ, ಅದನ್ನು ಒಡೆಯುವ ಬ್ಯಾಕ್ಟೀರಿಯಾಗಳದ್ದು. ಮೊಡವೆಗೆ ಕಾರಣವಾಗುವ ಜಿಡ್ಡಿನ ಗ್ರಂಥಿಗಳ ಕಥೆಯೇ ಬೇರೆ. ಅಂಗೈ ಅಂಗಾಲಿನಲ್ಲಿ ಅವು ಇಲ್ಲವೇ ಇಲ್ಲ.

ಈ ಕ್ಷೇತ್ರದಲ್ಲಿ ನಾನು ಗುರುವೆಂದು ಎಣಿಸುವುದು ಜಪಾನಿನ ಯಾಸ್ ಕುನೋ ಅವರನ್ನು. ಅವರ ಪುಸ್ತಕ ಮೊದಲು ಬಂದದ್ದು 1934ರಲ್ಲಿ, ವಿಸ್ತರಿಸಿದ ರೂಪ 1956ರಲ್ಲಿ. ಸೆಕೆಗೆ ಮೈ ಬೆವರುವುದು ಬೇರೆ, ಭಯಕ್ಕೆ ಅಂಗೈ ಬೆವರುವುದು ಬೇರೆ ಎಂದು ಬಿಡಿಸಿ ತೋರಿಸಿದವರು ಅವರು. ಇನ್ನೂ ದೊಡ್ಡದು, ಎಷ್ಟು ಗ್ರಂಥಿಗಳು ಕೆಲಸಕ್ಕೆ ಇಳಿಯುತ್ತವೆ ಎಂಬುದು ಬದುಕಿನ ಮೊದಲ ಎರಡು ಮೂರು ವರ್ಷಗಳಲ್ಲೇ ತೀರ್ಮಾನವಾಗುತ್ತದೆ, ಮಗು ಬೆಳೆಯುವ ಊರಿನ ಹವೆಗೆ ಅದರಲ್ಲಿ ಪಾತ್ರವಿದೆ ಎಂಬ ಅವರ ಮಾತು. ಆ ಪುಸ್ತಕಕ್ಕೆ ಸಮನಾದದ್ದು ಮತ್ತೆ ಬಂದಿಲ್ಲ.

ನಾನು ಚರ್ಮವೈದ್ಯ ಓದಿದ್ದು ಎಪ್ಪತ್ತರ ದಶಕದ ಕೊನೆಗೆ. ವಿಭಾಗದ ಹೆಸರು ಚರ್ಮ, ಗುಹ್ಯ ಮತ್ತು ಕುಷ್ಠರೋಗ ವಿಭಾಗ. ಆಸ್ಪತ್ರೆಯ ಹಿಂಬದಿಯ ಎರಡು ಕೋಣೆ. ಒಬ್ಬ ರೈತನ ಬೆನ್ನಿನ ಮಾಸಲು ಮಚ್ಚೆಯ ಸುತ್ತ ನಮ್ಮ ಮೇಷ್ಟ್ರು ಅಯೋಡಿನ್ ಬಳಿದು, ಆರಿದ ಮೇಲೆ ಪಿಷ್ಟದ ಪುಡಿ ಉದುರಿಸಿ, ಅಂಗಳದ ಬಿಸಿಲಿನಲ್ಲಿ ಕೂರಿಸಿದರು. ಅರ್ಧ ಗಂಟೆಯಲ್ಲಿ ಬೆನ್ನೆಲ್ಲ ಕಡುನೀಲಿ ಚುಕ್ಕೆ. ಮಚ್ಚೆ ಮಾತ್ರ ಹಾಗೇ ಒಣಗಿತ್ತು. “ನರ ಹೋಗಿದೆ ಅಂತ ಗ್ರಂಥಿ ಹೇಳ್ತಾ ಇದೆ, ನೋಡ್ರಪ್ಪ” ಎಂದರು. ಮೈನರ್ ಎಂಬ ರಷ್ಯನ್ ವೈದ್ಯ 1928ರಲ್ಲಿ ಕೊಟ್ಟ ಪರೀಕ್ಷೆ ಅದು. ಖರ್ಚು ಕೆಲವೇ ರೂಪಾಯಿ.

ಆಗಲೇ ಹೊರಗೆ ದೊಡ್ಡ ಕೆಲಸ ನಡೆಯುತ್ತಿತ್ತು. ಗ್ರಂಥಿಯ ಸುರುಳಿಯಲ್ಲಿ ಹುಟ್ಟುವ ಬೆವರು ರಕ್ತದಷ್ಟೇ ಉಪ್ಪು. ಮೇಲೇರುವಾಗ ನಾಳ ಉಪ್ಪನ್ನು ಹಿಂದಕ್ಕೆ ಹೀರಿಕೊಳ್ಳುತ್ತದೆ. ಸಿಸ್ಟಿಕ್ ಫೈಬ್ರೋಸಿಸ್ ಇರುವ ಮಕ್ಕಳ ಬೆವರು ವಿಪರೀತ ಉಪ್ಪೆಂದು 1953ರಲ್ಲೇ ಗೊತ್ತಾಗಿತ್ತು, ಕಾರಣ ಗೊತ್ತಿರಲಿಲ್ಲ. ನಾಳದ ಗೋಡೆ ಕ್ಲೋರೈಡನ್ನು ಒಳಬಿಡುತ್ತಿಲ್ಲವೆಂದು 1983ರಲ್ಲಿ ತೋರಿಸಿದವರು ಪೌಲ್ ಕ್ವಿಂಟನ್. ಅವರಿಗೇ ಆ ಕಾಯಿಲೆ ಇತ್ತು. ಶ್ವಾಸಕೋಶ ಕೊಲ್ಲುವ ರೋಗದ ಬೀಗದಕೈ ಬೆವರುನಾಳದಲ್ಲಿ ಸಿಕ್ಕಿತು. ನಮ್ಮ ಕಾಲದ ಚರ್ಮವಿಜ್ಞಾನಕ್ಕೆ ಇದಕ್ಕಿಂತ ಹೆಮ್ಮೆಯ ಸಂಗತಿ ನನಗೆ ತೋರುವುದಿಲ್ಲ.

ಚರ್ಮದ ಹೊರಪದರವನ್ನು ಇಟ್ಟಿಗೆ, ಗಾರೆಯ ಗೋಡೆಗೆ ಹೋಲಿಸಿದ ಪೀಟರ್ ಎಲಿಯಾಸ್ ಪಂಥ ಬಳಿಕ ಮೇಲುಗೈ ಪಡೆಯಿತು. 2006ರಲ್ಲಿ ಆ ಗೋಡೆಗೆ ಬೇಕಾದ ಫಿಲಾಗ್ರಿನ್ ಪ್ರೋಟೀನಿನ ಜೀನಿನ ದೋಷಕ್ಕೂ ಮಕ್ಕಳ ಇಸುಬಿಗೂ ನಂಟು ಸಿಕ್ಕಿತು. ಒಳ್ಳೆಯ ಕೆಲಸ. ಆದರೆ ಗೋಡೆಯ ವಿಜ್ಞಾನವನ್ನು ಕ್ರೀಮು ಮಾರುವವರು ಬೇಗ ಎತ್ತಿಕೊಂಡರು, ತಣಿಸುವ ವಿಜ್ಞಾನ ಅನಾಥವಾಯಿತು. ಇಂದು ಸ್ನಾತಕೋತ್ತರ ಸೀಟಿಗೆ ನಮ್ಮ ವಿಷಯದಷ್ಟು ಬೇಡಿಕೆ ಇರುವ ವಿಷಯಗಳು ಕಡಿಮೆ. ಬಂದವರಲ್ಲಿ ಬಹಳ ಮಂದಿ ಲೇಸರ್ ಕಲಿತು ಹೊರಡುತ್ತಾರೆ, ಕುಷ್ಠದ ಒಣ ಮಚ್ಚೆ ಮುಟ್ಟಿ ನೋಡುವ ಕೈ ಕಡಿಮೆಯಾಗುತ್ತಿದೆ. ಜಗತ್ತಿನ ಹೊಸ ಕುಷ್ಠರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಇಂದಿಗೂ ಭಾರತದವರು.

ಬೆವರಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಹಳೆಯ ಸಾಕ್ಷ್ಯವೂ ನಮ್ಮ ಉಪಖಂಡದ್ದೇ. ಸಿಂಧ್‌ನ ಒಂದು ಕುಟುಂಬದ ನಾಲ್ಕು ತಲೆಮಾರಿನಲ್ಲಿ ಹತ್ತು ಗಂಡಸರಿಗೆ ಹಲ್ಲು, ಕೂದಲು ತೀರ ಕಡಿಮೆ, ಸೆಕೆಯಲ್ಲಿ ಚರ್ಮ ಒಣಗಿ ಸಂಕಟ ಎಂದು 1875ರಲ್ಲಿ ಡಾರ್ವಿನ್ ಬರೆದ. ಒಂದು ಲೀಟರ್ ಬೆವರು ಆರಿದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ಮೈಬಿಡುತ್ತದೆ; ಮಂಗಳೂರಿನ ಮೇ ತಿಂಗಳಂತೆ ಗಾಳಿಯಲ್ಲಿ ತೇವ ತುಂಬಿದ್ದರೆ ಬೆವರು ಆರದೆ ಹನಿಯಾಗಿ ಉದುರುತ್ತದೆ, ಶಾಖ ಮೈಯಲ್ಲೇ ಉಳಿಯುತ್ತದೆ. ಗಾರೆ ಕೆಲಸದವರಿಗೆ, ಗದ್ದೆಯಲ್ಲಿರುವವರಿಗೆ ಇದು ಜೀವದ ಪ್ರಶ್ನೆ.

ರಾಯಚೂರಿನಲ್ಲಿ ಬೆಳೆದ ಮಗುವಿಗೂ ಮಡಿಕೇರಿಯಲ್ಲಿ ಬೆಳೆದ ಮಗುವಿಗೂ ದುಡಿಯುವ ಗ್ರಂಥಿಗಳ ಎಣಿಕೆಯಲ್ಲಿ ವ್ಯತ್ಯಾಸವೆಷ್ಟು? ಕುನೋ ಅವರ ಈ ಪ್ರಶ್ನೆಯನ್ನು ಪ್ರಬಂಧಕ್ಕೆ ಎತ್ತಿಕೊಂಡ ವಿದ್ಯಾರ್ಥಿಯನ್ನು ನನ್ನ ಸೇವಾವಧಿಯಲ್ಲಿ ನಾನು ಕಾಣಲಿಲ್ಲ. ಬೇಕಾದದ್ದು ಅಯೋಡಿನ್, ಪಿಷ್ಟ, ಒಂದು ಭೂತಗನ್ನಡಿ, ಎರಡು ಬೇಸಿಗೆ. ಈ ವರ್ಷ ವಿಷಯ ಹುಡುಕುತ್ತಿರುವವರು ದಯವಿಟ್ಟು ಇದನ್ನು ಎತ್ತಿಕೊಳ್ಳಿ.