ಸೂಕ್ಷ್ಮ ಕ್ವಾಂಟಮ್ ವ್ಯವಸ್ಥೆಗಳಲ್ಲಿ ಕೆಲಸ

ಸೂಕ್ಷ್ಮ ಕ್ವಾಂಟಮ್ ವ್ಯವಸ್ಥೆಗಳಲ್ಲಿ ಕೆಲಸ ಎಂಬುದು ಅಸಮತೋಲ ಉಷ್ಣಬಲವಿಜ್ಞಾನದ ಒಂದು ವಿಷಯ. ಒಂದು ಪರಮಾಣು, ಒಂದು ಅಯಾನು ಅಥವಾ ಎರಡೇ ಶಕ್ತಿಮಟ್ಟಗಳುಳ್ಳ ಕ್ಯೂಬಿಟ್‌ನ ಮೇಲೆ ಹೊರಗಿನಿಂದ ಬದಲಾವಣೆ ಹೇರಿದಾಗ ಎಷ್ಟು ಕೆಲಸ ನಡೆಯಿತು, ಅದನ್ನು ಅಳೆಯುವುದು ಹೇಗೆ, ಎರಡನೆಯ ನಿಯಮ ಅಲ್ಲಿಯೂ ನಿಲ್ಲುತ್ತದೆಯೇ ಎಂಬ ಪ್ರಶ್ನೆಗಳು ಇದರಲ್ಲಿ ಅಡಕವಾಗಿವೆ.

ಹಿನ್ನೆಲೆ

ಶಾಲಾ ಪಠ್ಯದಲ್ಲಿ ಕೆಲಸವೆಂದರೆ ಬಲ ಮತ್ತು ಸ್ಥಾನಪಲ್ಲಟಗಳ ಗುಣಲಬ್ಧ. ಉಷ್ಣಬಲವಿಜ್ಞಾನ ಬೆಳೆದದ್ದು ಹಬೆಯಂತ್ರಗಳ ಅಧ್ಯಯನದಿಂದ. ಕಲಬುರಗಿ ಜಿಲ್ಲೆ ಅಫಜಲಪುರ ತಾಲ್ಲೂಕಿನ ಹವಳಗಾದಲ್ಲಿರುವಂತಹ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಸಿಪ್ಪೆ ಉರಿಸಿ ಪಡೆದ ಹಬೆ ಟರ್ಬೈನನ್ನು ತಿರುಗಿಸುತ್ತದೆ. ಅಲ್ಲಿ ಅಸಂಖ್ಯ ಅಣುಗಳ ಏರಿಳಿತಗಳು ಒಂದನ್ನೊಂದು ಅಳಿಸಿಹಾಕುವುದರಿಂದ ಕೆಲಸಕ್ಕೆ ಪ್ರಾಯೋಗಿಕವಾಗಿ ಒಂದೇ ನಿಶ್ಚಿತ ಬೆಲೆ ದೊರೆಯುತ್ತದೆ. ಒಂದೇ ಕಣದ ವಿಷಯ ಹಾಗಲ್ಲ. 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉಷ್ಣಚಲನೆಯ ಶಕ್ತಿಯ ಪ್ರಮಾಣ ಸುಮಾರು 4×10⁻²¹ ಜೂಲ್. ಕಣದ ಮೇಲೆ ನಡೆಯುವ ಕೆಲಸವೂ ಹೆಚ್ಚುಕಡಿಮೆ ಅಷ್ಟೇ. ಹೀಗಾಗಿ ಅದೇ ಪ್ರಯೋಗವನ್ನು ಮತ್ತೆ ಮಾಡಿದರೆ ಬೇರೆಯೇ ಉತ್ತರ ಬರುತ್ತದೆ.

ಈ ಚೆಲ್ಲಾಪಿಲ್ಲಿಯಲ್ಲೂ ಒಂದು ಕಟ್ಟುನಿಟ್ಟಾದ ನಿಯಮವಿದೆಯೆಂದು 1997ರಲ್ಲಿ ಕ್ರಿಸ್ಟೋಫರ್ ಜಾರ್ಜಿನ್‌ಸ್ಕಿ ತೋರಿಸಿದರು. ಸ್ವಾಭಾವಿಕ ಲಾಗರಿದಮ್‌ನ ಆಧಾರಸಂಖ್ಯೆಯಾದ 2.718ನ್ನು, ಋಣಚಿಹ್ನೆಯೊಡನೆ ಬರೆದ ಕೆಲಸದ ಘಾತಕ್ಕೆ ಏರಿಸಿ ಸರಾಸರಿ ತೆಗೆದರೆ, ಅದು ಮುಕ್ತ ಶಕ್ತಿಯ ವ್ಯತ್ಯಾಸವೊಂದನ್ನೇ ಅವಲಂಬಿಸಿರುತ್ತದೆ, ಬದಲಾವಣೆಯ ವೇಗವನ್ನಲ್ಲ. ಇಲ್ಲಿ ಕೆಲಸವನ್ನು ಉಷ್ಣಶಕ್ತಿಯ ಮಾನದಲ್ಲಿ ಎಣಿಸಬೇಕು.

ಎರಡು ಅಳತೆಗಳ ವಿಧಾನ

ಕ್ವಾಂಟಮ್ ವ್ಯವಸ್ಥೆಯಲ್ಲಿ ಕಣದ ಪಥವನ್ನು ಹಿಂಬಾಲಿಸಿ ಕೆಲಸ ಲೆಕ್ಕಹಾಕಲಾಗದು. ಆದುದರಿಂದ ಆರಂಭದಲ್ಲೊಮ್ಮೆ, ಕೊನೆಯಲ್ಲೊಮ್ಮೆ ಶಕ್ತಿಯನ್ನು ಅಳೆದು ವ್ಯತ್ಯಾಸವನ್ನು ಕೆಲಸವೆನ್ನುತ್ತಾರೆ. ಕೆಲಸ ಒಂದು ಕ್ಷಣದಲ್ಲಿ ಅಳೆಯಬಹುದಾದ ರಾಶಿಯೇ ಅಲ್ಲ ಎಂದು ಟಾಕ್ನರ್, ಲುಟ್ಸ್ ಮತ್ತು ಹೆಂಗಿ 2007ರಲ್ಲಿ ಪ್ರತಿಪಾದಿಸಿದರು.

ಒಂದು ಉದಾಹರಣೆಯನ್ನು ಕಾಗದ ಹಿಡಿದು ಮಾಡಿ ನೋಡಬಹುದು. ಉಷ್ಣಶಕ್ತಿಯನ್ನು 1 ಮಾನವೆಂದು ಎಣಿಸೋಣ. ಕ್ಯೂಬಿಟ್‌ನ ಶಕ್ತಿಮಟ್ಟಗಳು ಮೊದಲು 0 ಮತ್ತು 1, ಬದಲಾವಣೆಯ ಅನಂತರ 0 ಮತ್ತು 2 ಆಗಿರಲಿ. ಆರಂಭದಲ್ಲಿ ಅದು ಕೆಳಮಟ್ಟದಲ್ಲಿರುವ ಸಂಭವ ಶೇ. 73, ಮೇಲ್ಮಟ್ಟದಲ್ಲಿರುವುದು ಶೇ. 27. ಬದಲಾವಣೆ ಬಹಳ ನಿಧಾನವಾದರೆ ಮಟ್ಟ ತಪ್ಪದು; ಕೆಲಸ 0 ಅಥವಾ 1. ಅವಸರದಲ್ಲಿ ಮಾಡಿ, ಮಟ್ಟ ಬದಲಾಗುವ ಸಂಭವ ಅರ್ಧವೆಂದುಕೊಂಡರೆ 0, 2, 1, −1 ಎಂಬ ನಾಲ್ಕು ಬೆಲೆಗಳೂ ಬರುತ್ತವೆ. ಸರಾಸರಿ ಕೆಲಸ ಮೊದಲನೆಯದರಲ್ಲಿ 0.27, ಎರಡನೆಯದರಲ್ಲಿ 0.73. ಮುಕ್ತ ಶಕ್ತಿಯ ವ್ಯತ್ಯಾಸ ಮಾತ್ರ 0.19. ಅವಸರಕ್ಕೆ ತೆರುವ ದಂಡ ಈ ಅಂತರದಲ್ಲಿದೆ. ಆದರೂ ಜಾರ್ಜಿನ್‌ಸ್ಕಿಯವರ ಸರಾಸರಿ ಎರಡರಲ್ಲೂ 0.83 ಆಗಿಯೇ ಬರುತ್ತದೆ. −1 ಬಂದ ಸಲ ಎರಡನೆಯ ನಿಯಮ ಮುರಿದಂತೆ ಕಂಡರೂ, ನಿಯಮ ಹೇಳುವುದು ಸರಾಸರಿಯ ಮಾತನ್ನು.

ಪ್ರಯೋಗಗಳು

2015ರಲ್ಲಿ ಬೀಜಿಂಗ್‌ನ ತ್ಸಿಂಗ್‌ಹುವಾ ವಿಶ್ವವಿದ್ಯಾಲಯದ ತಂಡವೊಂದು ಬಲೆಯಲ್ಲಿ ಹಿಡಿದ ಒಂದೇ ಯಿಟರ್ಬಿಯಮ್ ಅಯಾನಿನ ಮೇಲೆ ಈ ಸಮೀಕರಣವನ್ನು ಪರೀಕ್ಷಿಸಿತು.

ಕರ್ನಾಟಕದಲ್ಲಿ ಇದಕ್ಕೆ ಸಮೀಪದ ಪ್ರಯೋಗ ಬೆಂಗಳೂರಿನದು. ಭಾರತೀಯ ವಿಜ್ಞಾನ ಸಂಸ್ಥೆಯ ಅಜಯ್ ಸೂದ್, ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ರಾಜೇಶ್ ಗಣಪತಿ ಹಾಗೂ ಸಂಗಡಿಗರು 2016ರಲ್ಲಿ ಮೈಕ್ರೋಮೀಟರ್ ಗಾತ್ರದ ಉಷ್ಣಯಂತ್ರವೊಂದನ್ನು ವರದಿ ಮಾಡಿದರು. ಈಜಾಡುವ ಬ್ಯಾಕ್ಟೀರಿಯಗಳಿರುವ ದ್ರವದಲ್ಲಿ ಸಣ್ಣ ಮಣಿಯೊಂದನ್ನು ಲೇಸರ್ ಕಿರಣದಿಂದ ಹಿಡಿದು, ಆ ಹಿಡಿತವನ್ನು ಬಿಗಿಮಾಡುತ್ತ ಸಡಿಲಿಸುತ್ತ ಸ್ಟರ್ಲಿಂಗ್ ಯಂತ್ರದ ಆವರ್ತವನ್ನು ನಡೆಸಲಾಯಿತು. ಸಮತೋಲದಲ್ಲಿರುವ ದ್ರವದಲ್ಲಿ ನಡೆಯುವ ಇಂಥ ಯಂತ್ರಕ್ಕಿಂತ ಇದರ ದಕ್ಷತೆ ಹೆಚ್ಚಿತ್ತು. ಇದರಿಂದ ಎರಡನೆಯ ನಿಯಮ ಬಿದ್ದುಹೋಯಿತೆಂದು ತಿಳಿಯಬಾರದು. ಬ್ಯಾಕ್ಟೀರಿಯಗಳು ಆಹಾರದ ಶಕ್ತಿಯನ್ನು ಖರ್ಚು ಮಾಡುತ್ತಲೇ ಇರುತ್ತವೆ. ಮಣಿಯ ಚಲನೆಗೆ ಕ್ವಾಂಟಮ್ ನಿಯಮಗಳ ಅಗತ್ಯ ಬೀಳದು. ಅಸಮತೋಲ ಮತ್ತು ಏರಿಳಿತ ಎಂಬ ಅಂಶಗಳಷ್ಟೇ ಎರಡಕ್ಕೂ ಸಮಾನ.

ಬಗೆಹರಿಯದ ಪ್ರಶ್ನೆ

ಎರಡು ಅಳತೆಗಳ ವಿಧಾನಕ್ಕೆ ಒಂದು ಗಂಭೀರ ಆಕ್ಷೇಪಣೆಯಿದೆ. ವ್ಯವಸ್ಥೆ ಆರಂಭದಲ್ಲಿ ಎರಡು ಮಟ್ಟಗಳ ಅಧ್ಯಾರೋಪಣದಲ್ಲಿದ್ದರೆ ಮೊದಲ ಅಳತೆಯೇ ಆ ಸ್ಥಿತಿಯನ್ನು ಕೆಡಿಸುತ್ತದೆ. ಆಮೇಲೆ ಅಳೆದದ್ದು ಬೇರೊಂದು ವ್ಯವಸ್ಥೆಯ ಕೆಲಸವಾಗುತ್ತದೆ. ಅಧ್ಯಾರೋಪಣವಿಲ್ಲದಾಗ ಈ ವಿಧಾನದ ಉತ್ತರವನ್ನೇ ಕೊಡುವ, ಎಲ್ಲ ಸ್ಥಿತಿಗಳಲ್ಲೂ ಸರಾಸರಿ ಶಕ್ತಿವ್ಯತ್ಯಾಸಕ್ಕೆ ಹೊಂದುವ ಒಂದೇ ಅಳತೆಯ ಕ್ರಮ ಸಾಧ್ಯವಿಲ್ಲವೆಂದು ಪೆರಾರ್ನೌ-ಲೋಬೆಟ್ ಮತ್ತು ಸಂಗಡಿಗರು 2017ರಲ್ಲಿ ಸಾಧಿಸಿದರು. ಆದ್ದರಿಂದ ಅಂಥ ಸ್ಥಿತಿಗಳಲ್ಲಿ ಕೆಲಸದ ಸರ್ವಸಮ್ಮತ ವ್ಯಾಖ್ಯೆ ಇನ್ನೂ ರೂಪುಗೊಂಡಿಲ್ಲ.