ಕಾಯಕದ ಮನೆ, ಮನೆಯ ಲೆಕ್ಕ

ಅಂಗಡಿಗೆ ಬೀಗ ಹಾಕಿ ಮನೆಗೆ ಹೋಗುವವನ ಬದುಕು ಒಂದು ಬಗೆಯದು. ಮನೆಯೇ ಅಂಗಡಿಯಾದವನ ಬದುಕು ಇನ್ನೊಂದು ಬಗೆಯದು. ಮೊದಲನೆಯವನಿಗೆ ದುಡಿಮೆಗೊಂದು ಹೊತ್ತು, ಸಂಸಾರಕ್ಕೊಂದು ಹೊತ್ತು. ಎರಡನೆಯವನ ಮನೆಯಲ್ಲಿ ಒಲೆಯ ಪಕ್ಕದಲ್ಲೇ ಮಗ್ಗ, ತೊಟ್ಟಿಲ ಪಕ್ಕದಲ್ಲೇ ತಕ್ಕಡಿ. ಗಿರಾಕಿ ಬಂದಾಗ ಮಗು ಅಳುತ್ತದೆ, ಮಗು ಮಲಗಿದಾಗ ಗಿರಾಕಿ ಕೂಗುತ್ತಾನೆ. ಮಾರುವುದಕ್ಕೆಂದು ತಂದ ಸಾಮಾನು ಯಾವುದು, ಉಣ್ಣುವುದಕ್ಕೆಂದು ತಂದುದು ಯಾವುದು ಎಂಬುದೇ ಅಲ್ಲಿ ದಿನನಿತ್ಯದ ತಕರಾರು. ಇಂಥ ಮನೆಗಳಲ್ಲಿ ಲೆಕ್ಕ ಇಟ್ಟವರು ಯಾರು, ಗಳಿಕೆ ಯಾರದು, ಸಾಕು ಎಂಬ ಮಾತನ್ನು ಆಡಿದವರು ಯಾರು ಎಂಬ ಪ್ರಶ್ನೆಯನ್ನು ನಾವು ಇತಿಹಾಸಕ್ಕೆ ಕೇಳುವುದು ಕಡಮೆ. ಅದನ್ನು ಕೇಳಿ ನೋಡೋಣವೆಂದೇ ಈ ಬರಹ.

ಕೇಳುವುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ನಾನು ಪಾಠ ಹೇಳುವ ಊರು ಬೀದರ ಜಿಲ್ಲೆಯ ಹಳ್ಳಿಖೇಡ (ಬಿ). ಆವರಣದೊಳಗಿನ ಆ ಒಂಟಿ ಅಕ್ಷರ ಏನೆಂದು ಹೊರಗಿನವರು ಕೇಳುವುದುಂಟು. ಅದು ಪಾರಸಿಯ ‘ಬುಜುರ್ಗ್’ ಎಂಬುದರ ಮೊದಲಕ್ಷರ, ಹಿರಿದು ಎಂದರ್ಥ. ಕಿರಿಯ ಹಳ್ಳಿಖೇಡಕ್ಕೆ ‘ಖುರ್ದ್’ ಎಂಬುದರ ‘ಕೆ’ ಅಂಟಿಕೊಂಡಿದೆ. ಕಂದಾಯದ ದಫ್ತರು ಹೋದರೂ ಅಕ್ಷರ ಉಳಿಯಿತು. ಇಲ್ಲಿಂದ ಹುಮನಾಬಾದ ದಾಟಿ ಮುಂದೆ ಸಾಗಿದರೆ ಬಸವಕಲ್ಯಾಣ. 11ನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರನ ಕಾಲಕ್ಕೆ ಚಾಲುಕ್ಯರ ರಾಜಧಾನಿಯಾದ ಕಲ್ಯಾಣವೆಂದರೆ ಇದೇ. 12ನೆಯ ಶತಮಾನದ ನಡುಭಾಗದಲ್ಲಿ ಬಿಜ್ಜಳನ ಆಳಿಕೆಯಲ್ಲಿ ಶರಣರು ನೆರೆದ ಕಲ್ಯಾಣವೂ ಇದೇ.

ಆ ಕಾಲದ ಮನೆಗಸುಬುಗಳ ವಿಚಾರವಾಗಿ ಶಾಸನಗಳು ಮಾತನಾಡುವುದಿಲ್ಲವೆಂದಲ್ಲ. ಮಗ್ಗದೆರೆ, ಗಾಣದೆರೆ, ಮನೆವಣ ಎಂಬ ಮಾತುಗಳು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ದೇಗುಲದ ನಂದಾದೀಪಕ್ಕೆ ಗಾಣಕ್ಕಿಷ್ಟು ಎಣ್ಣೆ ಎಂದು ಬಿಟ್ಟುಕೊಟ್ಟ ಲೆಕ್ಕವೂ ಉಂಟು. ಆದರೆ ತೆರಿಗೆಯ ಕಣ್ಣಿಗೆ ಕಾಣುವುದು ಮಗ್ಗ. ಮಗ್ಗದ ಹಿಂದೆ ಕುಳಿತವರಲ್ಲ. ಹಾಸು ಹೂಡಿದವಳು, ಲಾಳಿಗೆ ನೂಲು ಸುತ್ತಿಕೊಟ್ಟವಳು, ಗಾಣದ ಎತ್ತಿಗೆ ಮೇವು ಹಾಕಿದ ಹುಡುಗ, ಇವರಾರೂ ಕಲ್ಲಿನ ಮೇಲೆ ಬರಲಿಲ್ಲ. ಅರಸನ ಬಿರುದುಗಳಿಗೇ ಸ್ಥಳ ಸಾಲದಿರುವಾಗ ಇವರಿಗೆಲ್ಲಿಯದು!

ಕಲ್ಲಿನಲ್ಲಿ ಸಿಕ್ಕದ ಈ ಜನ ಓಲೆಗರಿಯಲ್ಲಿ ಸಿಕ್ಕಿದರು. ವಚನಕಾರರ ಹೆಸರುಗಳನ್ನೇ ಒಮ್ಮೆ ನೆನೆಯಿರಿ: ನುಲಿಯ ಚಂದಯ್ಯ, ಮೇದರ ಕೇತಯ್ಯ, ಮೋಳಿಗೆಯ ಮಾರಯ್ಯ, ಮಡಿವಾಳ ಮಾಚಯ್ಯ, ಕದಿರ ರೆಮ್ಮವ್ವೆ, ಕೊಟ್ಟಣದ ಸೋಮವ್ವೆ. ಹಗ್ಗ ಹೊಸೆಯುವವನು, ಬುಟ್ಟಿ ಹೆಣೆಯುವವನು, ಸೌದೆಯ ಹೊರೆ ಮಾರುವವನು, ಬಟ್ಟೆ ಒಗೆಯುವವನು, ನೂಲುವವಳು, ಭತ್ತ ಕುಟ್ಟುವವಳು. ಕಸುಬು ಹೆಸರಿನ ಮುಂದೆ ಕುಳಿತಿದೆ. ಬಸವಕಲ್ಯಾಣಕ್ಕೆ ಹೋದವರಿಗೆ ಇಂದಿಗೂ ನುಲಿಯ ಚಂದಯ್ಯನ ಗವಿಯೆಂದು ಒಂದನ್ನು ತೋರಿಸುತ್ತಾರೆ. ಕಾಯಕವೆಂದೊಡನೆ ನಾವು ತರಗತಿಗಳಲ್ಲಿ ತತ್ತ್ವವನ್ನು ಬೋಧಿಸಿ ಮುಗಿಸುತ್ತೇವೆ. ಕಾಯಕ ನಡೆದುದು ಒಂದು ಮನೆಯಲ್ಲಿ, ಆ ಮನೆಯಲ್ಲಿ ಗಂಡಹೆಂಡಿರಿದ್ದರು, ಅವರಲ್ಲಿ ಮಾತುಕತೆ ನಡೆಯುತ್ತಿತ್ತು ಎಂಬುದು ಅಷ್ಟಾಗಿ ನಮ್ಮ ಲಕ್ಷ್ಯಕ್ಕೆ ಬರುವುದಿಲ್ಲ.

ಆ ಮಾತುಕತೆ ಚೆನ್ನಾಗಿ ಕೇಳಿಸುವುದು ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಮನೆಯಲ್ಲಿ. ಇವರು ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದ ಕಡೆಯವರು; ಕಲ್ಯಾಣಕ್ಕೆ ಬಂದು ನೆಲೆಸಿದರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ತಂದುದನ್ನು ಹಸನು ಮಾಡಿ, ಅಟ್ಟು, ಜಂಗಮಕ್ಕೆ ನೀಡಿ, ತಾವೂ ಉಣ್ಣುವ ಮನೆವಾರ್ತೆ ಲಕ್ಕಮ್ಮನದು. ಒಂದು ದಿನ ಅವನು ವಾಡಿಕೆಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಮೊರದಲ್ಲಿ ಕಂಡಳು. ಕಂಡೊಡನೆ ಕೇಳಿದಳು: ಈ ಹೆಚ್ಚಿನದು ಯಾರ ಬಯಕೆ? ನಮಗೆ ಎಂದಿನಷ್ಟೇ ಸಾಕು. ಉಳಿದುದನ್ನು ಅಲ್ಲಿಯೇ ಸುರಿದು ಬನ್ನಿ ಎಂದಳು. ಮಾರಯ್ಯ ಹೋಗಿ ಸುರಿದು ಬಂದ.

ಈ ಕಥೆಯನ್ನು ನಿರ್ಲೋಭದ ದೃಷ್ಟಾಂತವೆಂದು ನೀವು ಬಹಳ ಸಲ ಕೇಳಿರುತ್ತೀರಿ. ಒಂದು ಕ್ಷಣ ಇದನ್ನು ಮನೆಗಸುಬಿನ ಕಥೆಯೆಂದು ಓದಿ ನೋಡಿ. ಈ ಕಸುಬಿಗೆ ಬಂಡವಾಳವಿಲ್ಲ. ಕಚ್ಚಾ ಸಾಮಾನು ಇನ್ನೊಬ್ಬರ ಅಂಗಳದ್ದು. ಆಯ್ದುಕೊಳ್ಳುವುದು ಎಲ್ಲಿ ಮುಗಿಯಿತು, ಎತ್ತಿಕೊಳ್ಳುವುದು ಎಲ್ಲಿ ತೊಡಗಿತು ಎಂಬ ಗೆರೆ ಕೂದಲೆಳೆಯಷ್ಟು. ಆ ಗೆರೆ ಅಂಗಳದಲ್ಲಿ ಬಗ್ಗಿ ನಿಂತವನಿಗೆ ಕಾಣಲಿಲ್ಲ. ಮನೆಯಲ್ಲಿ ಮೊರ ಹಿಡಿದು ಕುಳಿತವಳಿಗೆ ಕಂಡಿತು. ಏಕೆಂದರೆ ಅಳತೆ ಇದ್ದುದು ಅವಳ ಕೈಯಲ್ಲಿ. ದಿನಕ್ಕೆ ಎಷ್ಟು ಅಕ್ಕಿ ಬೇಯುತ್ತದೆ, ಎಷ್ಟು ಮಂದಿ ಉಣ್ಣುತ್ತಾರೆ ಎಂಬುದನ್ನು ಬಲ್ಲವರಿಗಲ್ಲದೆ ‘ಹೆಚ್ಚು’ ಎಂಬ ಮಾತಿಗೆ ಅರ್ಥವಿಲ್ಲ. ಗೋಷ್ಠಿಯ ಮಾತಿನಲ್ಲಿ ಮೈಮರೆತ ಗಂಡನಿಗೆ ಕಾಯಕದ ಹೊತ್ತು ಮೀರುತ್ತಿದೆಯೆಂದು ನೆನಪಿಸುವ ವಚನವೂ ಲಕ್ಕಮ್ಮನದೇ. ಹೊತ್ತಿನ ಲೆಕ್ಕವೂ ಅವಳಲ್ಲಿ, ಅಕ್ಕಿಯ ಲೆಕ್ಕವೂ ಅವಳಲ್ಲಿ. ಈ ಕಸುಬಿನ ಯಜಮಾನಿಕೆ ಯಾರದೆಂದು ನೀವೇ ಹೇಳಿ.

ಇಲ್ಲಿ ಪಂಡಿತರು ಒಂದು ಆಕ್ಷೇಪವೆತ್ತುವರು; ಎತ್ತುವುದು ನ್ಯಾಯವೇ. ಈ ಸಂವಾದ ನಮಗೆ ಈ ರೂಪದಲ್ಲಿ ದೊರೆಯುವುದು ಶೂನ್ಯಸಂಪಾದನೆಯಲ್ಲಿ. ಅದರ ಮೊದಲ ಸಂಕಲನಕಾರ ಶಿವಗಣಪ್ರಸಾದಿ ಮಹಾದೇವಯ್ಯ 15ನೆಯ ಶತಮಾನದವನು. ಬಿಡಿ ವಚನಗಳನ್ನು ಪೋಣಿಸಿ ನಾಟಕದಂತೆ ನಿಲ್ಲಿಸಿದವನು. ಆದುದರಿಂದ ಮಾರಯ್ಯ ಅಂದು ಆಡಿದ ಮಾತೇ ಇದು, ಲಕ್ಕಮ್ಮ ಕೊಟ್ಟ ಮರುಮಾತೇ ಇದು ಎಂದು ಆಣೆಯಿಡುವಂತಿಲ್ಲ. ಒಪ್ಪಿದೆ. ಆದರೂ ಹೆಂಡತಿ ಗಂಡನನ್ನು ತಿದ್ದಿದಳೆಂದು ಬರೆಯುವುದಕ್ಕೆ ಸಂಕಲನಕಾರನಿಗೆ ಸಂಕೋಚವಾಗಲಿಲ್ಲ, ಓದಿದವರಿಗೆ ಅದು ಅಸಂಭವವೆನಿಸಲಿಲ್ಲ. ಅದೂ ಇತಿಹಾಸವೇ.

ಇನ್ನು ಕದಿರ ರೆಮ್ಮವ್ವೆ. ಈಕೆಯ ಕಾಯಕ ನೂಲುವುದು. ದೊರೆತಿರುವ ವಚನಗಳು ಕೆಲವೇ; ಅವುಗಳಲ್ಲಿ ಒಂದಂತೂ ತನ್ನ ರಾಟೆಯ ಕುಲಗೋತ್ರವನ್ನೇ ಹೇಳಿಬಿಡುತ್ತದೆ. ಅಡಿಯ ಹಲಗೆ, ತೋರಣ, ನಿಂತ ಬೊಂಬೆ, ಕದಿರು ಎಂದು ಒಂದೊಂದು ಅಂಗವನ್ನೂ ಹೆಸರಿಸಿ, ಒಂದೊಂದಕ್ಕೂ ದೈವವನ್ನೋ ತತ್ತ್ವವನ್ನೋ ಹೊಂದಿಸುತ್ತಾಳೆ. ತತ್ತ್ವವನ್ನು ಬಿಡಿಸಿ ಹೇಳಿದವರು ಬೇಕಾದಷ್ಟು ಜನರಿದ್ದಾರೆ. ನನಗೆ ಆ ಹಲಗೆ ಬೊಂಬೆಗಳಲ್ಲೇ ಆಸಕ್ತಿ. ಕಾರಣವುಂಟು. ನಮ್ಮ ದೇಶಕ್ಕೆ ನೂಲುವ ರಾಟೆ ಬಂದುದು ಯಾವಾಗ ಎಂಬುದು ಇತಿಹಾಸಕಾರರಲ್ಲಿ ಬಹುಕಾಲದ ಚರ್ಚೆ. ಭಾರತದಲ್ಲಿ ಚರಕದ ಅತಿ ಹಳೆಯ ಸ್ಪಷ್ಟ ಉಲ್ಲೇಖವೆಂದು ಇರ್ಫಾನ್ ಹಬೀಬರು ತೋರಿಸಿದುದು 1350ರ ಒಂದು ಪಾರಸಿ ಕಾವ್ಯವನ್ನು. ಅದು ಇಸಾಮಿಯ ‘ಫುತೂಹ್-ಉಸ್-ಸಲಾತೀನ್’. ಬರೆದುದು ಎಲ್ಲಿಯೋ ಉತ್ತರದ ಅರಸನಿಗಲ್ಲ. 1347ರಲ್ಲಿ ಪಟ್ಟವೇರಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಬಹಮನಿ ಅರಸನಿಗೆ. ರಜಿಯಾ ಸುಲ್ತಾನಳ ಆಳಿಕೆಯನ್ನು ಹಳಿಯುತ್ತ, ಹೆಣ್ಣಿಗೆ ತಕ್ಕುದು ಸಿಂಹಾಸನವಲ್ಲ, ಚರಕ ಎಂಬ ಭಾವವನ್ನು ಕವಿ ಅಲ್ಲಿ ತರುತ್ತಾನೆ. ಇದಕ್ಕೆ ಎದುರಾಗಿ, ರೆಮ್ಮವ್ವೆಯ ರಾಟೆ ಅದಕ್ಕಿಂತ ಸುಮಾರು 200 ವರ್ಷ ಹಿಂದಿನದಲ್ಲವೇ ಎಂದು ವಾದಿಸಿದವರಿದ್ದಾರೆ. ನಮ್ಮ ಕೈಯಲ್ಲಿರುವ ಓಲೆಯ ಪ್ರತಿಗಳು ಈಚಿನವಾದುದರಿಂದ ವಾದ ಸುಲಭವಾಗಿ ತೀರುವಂಥದಲ್ಲ. ಹೇಗೇ ಇರಲಿ, ಕವಿ ಚರಕವನ್ನು ಹೆಣ್ಣಿಗೆ ಬೈಗುಳವಾಗಿ ಎತ್ತಿದ. ಅದೇ ನಾಡಿನ ನೂಲುವ ಹೆಂಗಸು ಅದರ ಒಂದೊಂದು ಕಡ್ಡಿಯನ್ನೂ ಹೆಸರಿಟ್ಟು ಕರೆದಳು.

ಆ ವಚನದ ಕೊನೆ ನನ್ನನ್ನು ಪ್ರತಿ ಸಲವೂ ತಡೆದು ನಿಲ್ಲಿಸುತ್ತದೆ. ಕದಿರು ತುಂಬಿತು, ಇನ್ನು ತಿರುಗಿಸಲಾರೆ, ಗಂಡ ಹೊಡೆದಾನು, ಏನು ಮಾಡಲಿ ಎಂಬ ಅರ್ಥದಲ್ಲಿ ಅದು ಮುಗಿಯುತ್ತದೆ. ಇದಕ್ಕೆ ಪಾರಮಾರ್ಥಿಕ ವ್ಯಾಖ್ಯಾನವಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಉಪಮೆ ಹುಟ್ಟುವುದು ಕಂಡ ಬದುಕಿನಿಂದ. ಲಕ್ಕಮ್ಮನ ಮನೆಯ ಪಕ್ಕದಲ್ಲೇ ಇಂಥ ಮನೆಯೂ ಇದ್ದಿರಬೇಕು: ನೂಲು ಅವಳದು, ದಣಿವು ಅವಳದು, ಹೆದರಿಕೆಯೂ ಅವಳದು.

ಗಳಿಕೆ ಯಾರದು? ಇದಕ್ಕೆ ಉತ್ತರ ಹುಡುಕಲು ಮತ್ತೆ ಕಲ್ಯಾಣಕ್ಕೇ ಬರಬೇಕು. ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದುದು ಈ ಪಟ್ಟಣದಲ್ಲಿ. ಭಾರತದ ಬಹುಭಾಗದಲ್ಲಿ ಆಸ್ತಿ ಪಾಲಿನ ಜಗಳಗಳು ಶತಮಾನಗಳ ಕಾಲ ಈ ಪುಸ್ತಕದ ಮುಂದೆ ನಿಂತವು. ಸ್ತ್ರೀಧನದ ವಿಚಾರದಲ್ಲಿ ವಿಜ್ಞಾನೇಶ್ವರ ಉದಾರಿ. ತಂದೆತಾಯಿ ಅಣ್ಣತಮ್ಮಂದಿರು ಕೊಟ್ಟುದಷ್ಟೇ ಅಲ್ಲ, ಆನುವಂಶಿಕವಾಗಿ ಬಂದುದು, ಕೊಂಡುದು, ಪಾಲಿನಲ್ಲಿ ಬಂದುದು, ಇವೂ ಅವಳ ಧನವೆಂದು ಅರ್ಥವನ್ನು ಹಿಗ್ಗಿಸಿದ. ಆದರೆ ಧರ್ಮಶಾಸ್ತ್ರದಲ್ಲಿ ಕಾತ್ಯಾಯನನ ಮಾತೊಂದು ಮೊದಲಿಂದ ಅಡ್ಡ ನಿಂತಿತ್ತು: ಹೆಣ್ಣು ಕೈಗಸುಬಿನಿಂದ ಗಳಿಸಿದುದರ ಮೇಲೆ ಗಂಡನಿಗೇ ಸ್ವಾಮ್ಯ. ಅಂದರೆ ತವರು ಕೊಟ್ಟ ಬಳೆ ಅವಳದು; ನೂತು ಪಡೆದ ಕಾಸು ಅವನದು. ಮನೆಗಸುಬಿನ ಹೆಂಗಸಿಗೆ ಇದಕ್ಕಿಂತ ಕಠಿಣವಾದ ವಿಧಿ ಇನ್ನಾವುದು? ಕಾನೂನು ಇದನ್ನು ಬಿಚ್ಚುಮಾತಿನಲ್ಲಿ ಕಿತ್ತುಹಾಕಿದುದು 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದಲ್ಲಿ. ಅದರ 14ನೆಯ ಕಲಮು, ಹೆಂಗಸು ತನ್ನ ಸ್ವಂತ ಕೌಶಲದಿಂದ ಅಥವಾ ದುಡಿಮೆಯಿಂದ ಗಳಿಸಿದುದಕ್ಕೆ ಅವಳೇ ಪೂರ್ಣ ಒಡತಿಯೆಂದಿತು. ಬೀದರ ಜಿಲ್ಲೆ ಹೈದರಾಬಾದ ರಾಜ್ಯದಿಂದ ಬೇರ್ಪಟ್ಟು ಮೈಸೂರು ರಾಜ್ಯಕ್ಕೆ ಸೇರಿದುದೂ ಅದೇ ವರ್ಷ, ನವೆಂಬರ್ 1ರಂದು. ನಾವು ವರ್ಷ ವರ್ಷವೂ ಹಬ್ಬ ಮಾಡುವುದು ಎರಡನೆಯದಕ್ಕೆ ಮಾತ್ರ.

ಕಾನೂನು ಒಡತಿಯೆಂದ ಮೇಲೂ ಮನೆಯೊಳಗಿನ ಮಾತು ಬದಲಾಗಲು ಹೊತ್ತು ಹಿಡಿಯುತ್ತದೆ. ನಮ್ಮ ಭಾಗದ ಮನೆಗಸುಬೆಂದರೆ ಮುಖ್ಯವಾಗಿ ಜೋಳದ ರೊಟ್ಟಿ. ಖಾನಾವಳಿಗೆ, ಮದುವೆಮುಂಜಿಗೆ, ಊರು ಬಿಟ್ಟು ಓದಲು ಹೋದ ಮಕ್ಕಳಿಗೆ ಖಡಕ್ ರೊಟ್ಟಿ ಮಾಡಿಕೊಡುವ ಮನೆಗಳು ಊರೂರಿಗೂ ಉಂಟು. ನಸುಕಿನಲ್ಲಿ ಎದ್ದು ಎಸರಿಟ್ಟು, ಹಿಟ್ಟು ನಾದಿ, ಬಡಿದು, ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಮೇಲೆ ನೀರು ಸವರಿ, ಬೆಂದುದನ್ನು ಮತ್ತೆ ಒಣಗಿಸಿ ಗರಿಗರಿ ಮಾಡಬೇಕು. ತೇವ ಉಳಿದರೆ ಬೂಸಲು ಹಿಡಿಯುತ್ತದೆ. ಮಕ್ಕಳು ಶಾಲೆಗೆ ಹೊರಡುವ ಮುನ್ನ ಗಿರಾಕಿಯ ಎಣಿಕೆ ತುಂಬಬೇಕು. ಇಡಿಯ ರೊಟ್ಟಿ ಗಂಟಿಗೆ, ಮುರಿದುದು ಮನೆಯವರ ತಾಟಿಗೆ. ಗುರುಗಳೆದುರು ತೂಕಡಿಸುವ ಹುಡುಗಿಯನ್ನು ಗದರಿಸುವ ಮೊದಲು ಬೆಳಗಿನ ಜಾವ ಆಕೆ ಒಲೆಯ ಮುಂದೆ ಕುಳಿತಿದ್ದಳೇ ಎಂದು ಕೇಳುವುದು ಒಳ್ಳೆಯದು. ಇದು ನನ್ನ ಸಹೋದ್ಯೋಗಿಗಳಿಗೆ ಹೇಳುವ ಮಾತು.

ಜನಗಣತಿಯ ಕೆಲಸಕ್ಕೆ ಹೋಗುವವರು ನಮ್ಮಂಥ ಉಪಾಧ್ಯಾಯರೇ ಎಂಬುದು ನಿಮಗೆ ಗೊತ್ತಿದೆ. 1961ರ ಗಣತಿಯಿಂದ ‘ಗೃಹ ಕೈಗಾರಿಕೆ’ ಎಂಬ ವರ್ಗವೇ ಪ್ರತ್ಯೇಕವಾಗಿದೆ: ಮನೆಯಲ್ಲಿಯೋ ಊರೊಳಗೋ ಮನೆಮಂದಿಯೇ ಮುಖ್ಯವಾಗಿ ನಡೆಸುವ, ಕಾರ್ಖಾನೆಯೆಂದು ದಾಖಲಾಗದ ಉದ್ಯೋಗ. 2011ರಲ್ಲಿ ನಾನು ಪಟ್ಟಿ ಹಿಡಿದು ಹೋದಾಗ ಇಂಥ ಒಂದು ಮನೆಯ ಕಟ್ಟೆಯ ಮೇಲೆ ಯಜಮಾನರು ಕುಳಿತಿದ್ದರು. ಮನೆಯವರು ಏನು ಮಾಡುತ್ತಾರೆಂದು ಕೇಳಿದೆ.

“ಅಕಿ ಏನೂ ಮಾಡಲ್ರೀ ಸರ, ಮನ್ಯಾಗೇ ಇರ್ತಾಳ.”

ಅವರ ಬೆನ್ನ ಹಿಂದೆ, ಬಾಗಿಲೊಳಗೆ, ಸೊಂಟದೆತ್ತರ ರೊಟ್ಟಿಯ ರಾಶಿ. ಒಳಗಿನಿಂದ ಬಡಿಯುವ ಸದ್ದು ಬರುತ್ತಲೇ ಇತ್ತು. ರೊಟ್ಟಿ ಮಾರುವುದಿಲ್ಲವೇ ಎಂದೆ. “ಅದು ಮನಿ ಕೆಲ್ಸಲ್ರೀ” ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ಹಾಗೆಯೇ ತೋರಿತ್ತು. ಆಗ ಬಡಿಯುವ ಸದ್ದು ನಿಂತಿತು. ಆ ತಾಯಿ ಹಿಟ್ಟಿನ ಕೈಯಲ್ಲೇ ಹೊಸ್ತಿಲಿಗೆ ಬಂದು, ದಿನಕ್ಕೆ ಎಷ್ಟು ರೊಟ್ಟಿ, ಜೋಳಕ್ಕೆಷ್ಟು, ಉರುವಲಿಗೆಷ್ಟು, ಯಾವ ಖಾನಾವಳಿಯಿಂದ ಎಷ್ಟು ಬರಬೇಕು ಎಂಬುದನ್ನು ಕಾಗದವಿಲ್ಲದೆ ಒಂದೇ ಉಸಿರಿಗೆ ಹೇಳಿದರು. ಯಜಮಾನರು ನನಗಿಂತ ಹೆಚ್ಚು ಬೆರಗಾಗಿ ಕೇಳಿದರು. ನಾನು ಅವರ ಹೆಸರಿನ ಮುಂದೆ ಗೃಹ ಕೈಗಾರಿಕೆಯೆಂದು ತುಂಬಿದೆ.

ವಚನಗಳ ಅಂಕಿತಗಳನ್ನು ನೋಡುವಾಗ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಗಂಡನನ್ನು ತಿದ್ದಿದ ಲಕ್ಕಮ್ಮ ತನ್ನ ಅಂಕಿತದಲ್ಲಿ ಗಂಡನ ಹೆಸರನ್ನೇ ಮುಂದಿಟ್ಟಳು: ಮಾರಯ್ಯಪ್ರಿಯ ಅಮರೇಶ್ವರಲಿಂಗ. ಗಂಡನಿಗೆ ಹೆದರಿದ ರೆಮ್ಮವ್ವೆಯಾದರೋ ತನ್ನ ಹೆಸರನ್ನೂ ತನ್ನ ಕದಿರನ್ನೂ ಕೂಡಿಸಿ, ದೇವರನ್ನೇ ತನ್ನ ಒಡೆಯನೆಂದು ಕರೆದಳು: ಕದಿರರೆಮ್ಮಿಯೊಡೆಯ ಗುಮ್ಮೇಶ್ವರ.